ಮನಸ್ಸಿನ ನೋವು ಮನೆಮಾತಿನಲ್ಲೇ ಹೊರಬರಲಿ

ಮದುವೆ, ಗೃಹಪ್ರವೇಶ, ಚೌಡೇಶ್ವರಿ ಅಮ್ಮನ ಹಬ್ಬ ಎಂದರೆ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಕುಟುಂಬಗಳು ಒಂದೆಡೆ ಸೇರುವುದು ವಾಡಿಕೆ. ಅಂಥ ಕಡೆ ಬಾರದೆ ಉಳಿಯುವವರೂ ಕೆಲವರಿದ್ದಾರೆ. ‘ಯಾಕೆ ಬಂದಿಲ್ಲ?’ ಎಂದರೆ ‘ಸ್ವಲ್ಪ ಹುಷಾರಿಲ್ಲ’ ಎಂಬ ಉತ್ತರ. ಬೆನ್ನ ಹಿಂದೆ ಮಾತ್ರ ‘ಸೊಕ್ಕು ಬಂದಿದೆ’, ‘ಯಾರ ಜೊತೆಗೂ ಬೆರೆಯಲ್ಲ’ ಎಂಬ ಟೀಕೆ. ಆತಂಕ, ಖಿನ್ನತೆ ಕೂಡ ಕಾಯಿಲೆಯೇ ಎಂಬುದು ನಮ್ಮವರಿಗೆ ಇನ್ನೂ ಮನವರಿಕೆ ಆಗಿಲ್ಲ.

ಇದು ಎಲ್ಲೋ ಒಬ್ಬಿಬ್ಬರ ಸಮಸ್ಯೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ತಮಿಳುನಾಡೂ ಸೇರಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸುಮಾರು 20 ವಯಸ್ಕರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದ್ದಾರೆ. ಆತಂಕ, ಖಿನ್ನತೆಯಂಥ ತೊಂದರೆ ಇದ್ದವರಲ್ಲಿ ಸುಮಾರು ಶೇ. 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಗಡಿಯಾಚೆ ನೆಲೆಸಿದ ನಮಗೆ ಭಾಷೆಯ ತೊಡಕು ಬೇರೆ. ಸಿರುಮುಗೈಯ ನೇಕಾರರ ಮನೆಯ ಅಜ್ಜಿ ಇರಲಿ, ಚಾಮರಾಜನಗರ ಕಡೆಯಿಂದ ತಿರುಪ್ಪೂರಿನ ಬನಿಯನ್ ಕಂಪನಿಗೆ ಬಂದ ಹುಡುಗಿ ಇರಲಿ, ಪೇಟೆಯ ವ್ಯವಹಾರಕ್ಕೆ ತಮಿಳು ಸಾಕಾಗುತ್ತದೆ. ಆದರೆ ಅಳು ಬರುವುದು ಮನೆಮಾತಿನಲ್ಲೇ. ‘ಎದೆ ಡವಡವ ಅನ್ನುತ್ತೆ, ಯಾವುದೂ ಬೇಡ ಅನ್ಸುತ್ತೆ’ ಎನ್ನುವ ಸಂಕಟ ಡಾಕ್ಟರ ಮುಂದೆ ‘ತಲೆವಲಿ, ತೂಕ್ಕಂ ಇಲ್ಲೈ’ ಎಂಬ ಎರಡು ಮಾತಿಗೆ ಇಳಿಯುತ್ತದೆ. ತಲೆನೋವಿಗೆ ಮಾತ್ರೆ ಸಿಗುತ್ತದೆ, ಮನಸ್ಸಿನ ನೋವು ಹಾಗೇ ಉಳಿಯುತ್ತದೆ.

ಸಂಬಂಧಗಳು ಹಳಸುವುದೂ ಹೀಗೆಯೇ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿಗೆ ಶೇ. 50 ಸುಂಕ ಹೇರಿದಾಗ ತಿರುಪ್ಪೂರಿನ ಆರ್ಡರ್‌ಗಳಿಗೆ ಪೆಟ್ಟು ಬಿತ್ತು. ಅಂಥ ಹೊತ್ತಿನಲ್ಲಿ ಎಷ್ಟೋ ಗಂಡಸರು ಚಿಂತೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸಿಡುಕುತ್ತಾರೆ, ಇಲ್ಲವೇ ಕುಡಿತಕ್ಕೆ ಇಳಿಯುತ್ತಾರೆ. ಹೆಂಡತಿಗೆ ಅದು ಪ್ರೀತಿ ಕಡಿಮೆಯಾದಂತೆ ಕಾಣುತ್ತದೆ. ಹೆರಿಗೆಯ ಬಳಿಕ ಮಂಕಾದ ಸೊಸೆಗೆ ‘ಸೋಮಾರಿ’ ಎಂಬ ಹಣೆಪಟ್ಟಿ. ಇಬ್ಬರಿಗೂ ಬೇಕಾಗಿದ್ದು ಚಿಕಿತ್ಸೆ, ಸಿಕ್ಕಿದ್ದು ಜಗಳ.

ಎರಡು ವಾರ ಬಿಡದೆ ಬೇಸರ, ನಿದ್ದೆಗೇಡು, ಊಟ ಸೇರದಿರುವುದು, ಇಷ್ಟದ ಕೆಲಸವೂ ಬೇಡವೆನಿಸುವುದು ಕಂಡರೆ ತಡಮಾಡಬಾರದು. ಖಿನ್ನತೆಯ ಔಷಧ ಕೆಲಸ ಮಾಡಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ ‘ಗುಣ ಕಾಣಲಿಲ್ಲ’ ಎಂದು ಬಿಡುವುದು, ಹುಷಾರಾದ ಕೂಡಲೇ ಡಾಕ್ಟರನ್ನು ಕೇಳದೆ ನಿಲ್ಲಿಸುವುದು ಎರಡೂ ತಪ್ಪು. ಹರಕೆ ಹೊರುವವರು ಹೊರಲಿ, ಮಾತ್ರೆ ಮಾತ್ರ ಬಿಡದಿರಲಿ.

‘ಹೊರಗೆ ಗೊತ್ತಾದ್ರೆ ಹುಡುಗಿಗೆ ಗಂಡು ಸಿಗಲ್ಲ’ ಎಂಬ ಹೆದರಿಕೆ ಹಲವರದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ಮಾಹಿತಿ ಗೋಪ್ಯವಾಗಿಡಬೇಕೆಂಬ ನಿಯಮವಿದೆ. ಕೊಯಮತ್ತೂರು ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ‘ಬದುಕೇ ಸಾಕು’ ಎಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ನೆರವು ಪಡೆಯಬೇಕು.

ಮನೆಯವರು ‘ಧೈರ್ಯ ತಗೋ, ಎಲ್ಲ ಸರಿಹೋಗುತ್ತೆ’ ಎಂದು ಕೈತೊಳೆದುಕೊಂಡರೆ ಸಾಲದು. ಕೂತು ಕೇಳಬೇಕು, ‘ನಡಿ, ನಾನೂ ಬರ್ತೀನಿ’ ಎನ್ನಬೇಕು. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತು, ಅವರು ಕನ್ನಡದಲ್ಲಿ ಹೇಳಿದ್ದನ್ನು ಒಂದು ಮಾತೂ ಬಿಡದೆ ತಮಿಳಿನಲ್ಲಿ ಡಾಕ್ಟರಿಗೆ ತಿಳಿಸಬೇಕು. ನಮ್ಮ ಕನ್ನಡ ಸಂಘಗಳು, ದೇವಸ್ಥಾನ ಸಮಿತಿಗಳು 14416 ಎಂಬ ಸಂಖ್ಯೆಯನ್ನು ತಮ್ಮ ನೋಟಿಸ್ ಬೋರ್ಡಿಗೆ ಹಾಕಲಿ. ಜೊತೆಗೆ, ಆಸ್ಪತ್ರೆಗೆ ಹೀಗೆ ಜೊತೆಯಾಗಿ ಹೋಗಲು ಎರಡು ಭಾಷೆ ಬಲ್ಲ ಇಬ್ಬರನ್ನಾದರೂ ಗೊತ್ತುಮಾಡಲಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.