ಊರ ಮೈದಾನ ಯಾರದು?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳಲ್ಲಿ ಒಂದೊಂದು ಒಳ್ಳೆಯ ಫುಟ್‌ಬಾಲ್ ಅಂಗಣವೂ ಅದಕ್ಕೊಂದು ಊರ ಕ್ಲಬ್ಬೂ ಇರಬೇಕೆಂದು ಬಯಸದ ವಿದ್ಯಾರ್ಥಿ ಯಾರು? ಆದರೆ ಅಂಗಣ ಯಾರದೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಲೇಸು.

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣವನ್ನೇ ನೋಡಿರಿ. ಅದು ಸರ್ಕಾರದ್ದು, ಎಂದರೆ ಜನರದ್ದು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮರುವರ್ಷ ಅದನ್ನು ತವರಾಗಿಸಿಕೊಂಡಿತು. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೇರಿದ ಮೊದಲ ಭಾರತೀಯ ಕ್ಲಬ್ಬೆಂಬ ಕೀರ್ತಿ ಪಡೆಯಿತು, 2019ರಲ್ಲಿ ಐ.ಎಸ್.ಎಲ್. ಗೆದ್ದಿತು. ಇದು ನಾಡಿಗೇ ಹೆಮ್ಮೆ. ಆದರೆ ಆ ಹುಲ್ಲಿನ ಸುತ್ತ ಓಟದ ಹಾದಿಯಿದೆ. ಭರ್ಜಿ ಎಸೆಯುವವರಿಗೂ ಬೇಕಾದುದು ಅದೇ ಹುಲ್ಲು. ತಮ್ಮ ಅಭ್ಯಾಸಕ್ಕೆ ಎಡೆಯಿಲ್ಲವಾಯಿತೆಂದು ಕ್ರೀಡಾಪಟುಗಳು ದೂರಿದರು. ವ್ಯಾಜ್ಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಕ್ಲಬ್ಬು ಬಾಡಿಗೆ ಕೊಡುವುದಿಲ್ಲವೇ ಎನ್ನಬಹುದು. ಬಾಡಿಗೆಯಿಂದ ಹೊತ್ತು ಸಿಗುತ್ತದೆ, ಒಡೆತನವಲ್ಲ. ಹಾಗೆಂದು ಕ್ಲಬ್ಬನ್ನು ಹೊರದೂಡುವುದೂ ಅವಿವೇಕ. ಆಡುವವರಿಲ್ಲದ ಮೈದಾನ ಬರಿಯ ಸಭೆ ಸಮಾರಂಭಗಳ ಬಯಲಾದೀತು. ಆದುದರಿಂದ ಕ್ಲಬ್ಬಿನ ಹೊತ್ತು, ಓಟಗಾರರ ಹೊತ್ತು, ಊರ ಮಕ್ಕಳ ಹೊತ್ತು ಇವಿಷ್ಟನ್ನು ಅಂಗಣದ ಬಾಗಿಲಲ್ಲೇ ಬರೆದು ಹಾಕಬೇಕು. ಬಾಡಿಗೆಯ ಹಣ ಆ ನೆಲದ ಪೋಷಣೆಗೇ ಸಲ್ಲಬೇಕು. ನಮ್ಮ ತಾಲ್ಲೂಕುಗಳಲ್ಲಿ ಅಂಗಣಕ್ಕೆ ಅಡಿಗಲ್ಲಿಡುವ ಮುನ್ನವೇ ಈ ಹಲಗೆ ಸಿದ್ಧವಾಗಲಿ ಎಂಬುದು ನನ್ನ ಅಭಿಪ್ರಾಯ.