ನೆರಳಿನ ಹಿಂದಿನ ಮುಖ

ನಮ್ಮ ಮನೆಗಳ ಮಕ್ಕಳಿಗೆ ಚೀನಾ ಎಂದರೆ ಏನು? ಗಡಿ ತಕರಾರಿನ ಸುದ್ದಿ, ಬೇಗ ಮುರಿಯುವ ಆಟಿಕೆ, ಜಾತ್ರೆಯ ಬದಿಯ ನೂಡಲ್ಸ್ ಗಾಡಿ, 2020ರ ಮಹಾಮಾರಿಯ ನೆನಪು. ಕಣ್ಣಿನ ಆಕಾರವನ್ನು ನೋಡಿ ಈಶಾನ್ಯ ಭಾರತದ ನಮ್ಮದೇ ಜನರನ್ನು ‘ಚೀನಾದವರು’ ಎಂದು ಅಣಕಿಸುವ ಕೆಟ್ಟ ರೂಢಿಯೂ ಉಂಟು. ಪಾಠಪುಸ್ತಕ ಮಹಾಗೋಡೆಯನ್ನೂ ರೇಷ್ಮೆಯನ್ನೂ ಹೇಳಿ ಮುಂದೆ ಸಾಗುತ್ತದೆ. ಅಲ್ಲಿನ ಜನ ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಅಳುತ್ತಾರೆ, ಯಾರನ್ನು ಒಳ್ಳೆಯವರೆನ್ನುತ್ತಾರೆ ಎಂಬುದು ಇವುಗಳಿಂದ ತಿಳಿಯದು. ಅದನ್ನು ತಿಳಿಯಲು ಮಕ್ಕಳ ಕೈಗೆ ನಿಲುಕುವ ಒಂದು ದಾರಿಯಿದೆ: ಚೀನಾದ ತೊಗಲುಗೊಂಬೆಯಾಟ.

ಚೀನೀ ಭಾಷೆಯಲ್ಲಿ ಇದರ ಹೆಸರು ‘ಪಿಯಿಂಗ್‌ಶಿ’. ಎಂದರೆ ತೊಗಲಿನ ನೆರಳಿನ ಆಟ. ಇದರ ಹುಟ್ಟಿನ ಬಗ್ಗೆ ಒಂದು ದಂತಕಥೆಯಿದೆ. ಕ್ರಿ.ಪೂ. 141ರಿಂದ 87ರ ವರೆಗೆ ಆಳಿದ ಹಾನ್ ವಂಶದ ಚಕ್ರವರ್ತಿ ವೂ ತನ್ನ ಪ್ರಿಯ ಮಡದಿ ಲೀಯನ್ನು ಕಳೆದುಕೊಂಡು ಶೋಕದಲ್ಲಿದ್ದ. ಮಂತ್ರವಾದಿಯೊಬ್ಬ ರಾತ್ರಿ ದೀಪಗಳನ್ನು ಹಚ್ಚಿ, ಪರದೆಗಳನ್ನು ಕಟ್ಟಿ, ಆಕೆಯನ್ನೇ ಹೋಲುವ ಆಕೃತಿಯನ್ನು ದೂರದಿಂದ ತೋರಿಸಿದನಂತೆ. ಅದನ್ನು ಕಂಡು ಅರಸನ ದುಃಖ ಇಮ್ಮಡಿಯಾಯಿತೇ ಹೊರತು ತೀರಲಿಲ್ಲ. ಕಥೆ ಹಾಗಿರಲಿ; ಆಟದ ಖಚಿತ ಉಲ್ಲೇಖಗಳು ದೊರೆಯುವುದು ಸಾಂಗ್ ವಂಶದ ಕಾಲದಲ್ಲಿ (960–1279). 1235ರ ಒಂದು ಬರಹ ಹೇಳುವಂತೆ ರಾಜಧಾನಿಯ ಕಲಾವಿದರು ಮೊದಲು ಬಿಳಿಯ ಕಾಗದವನ್ನು ಕತ್ತರಿಸಿ ಗೊಂಬೆ ಮಾಡುತ್ತಿದ್ದರು. ಬಣ್ಣ ಹಾಕಿದ ತೊಗಲು ಆಮೇಲೆ ಬಂತು. ಆದ್ದರಿಂದ ನಮ್ಮ ಮಕ್ಕಳು ಕಾಗದದಲ್ಲಿ ಮಾಡುವ ಗೊಂಬೆಯನ್ನು ನಕಲಿ ಎನ್ನಬೇಕಾಗಿಲ್ಲ.

ಶಾನ್ಶಿ ಪ್ರಾಂತ್ಯದಲ್ಲಿ ದನದ ತೊಗಲು, ಹೆಬೈ ಪ್ರಾಂತ್ಯದಲ್ಲಿ ಕತ್ತೆಯ ತೊಗಲು ಹೆಚ್ಚು ಬಳಕೆಯಲ್ಲಿದೆ. ತೊಗಲನ್ನು ನೆನೆಸಿ, ಕೂದಲು ಮಾಂಸಗಳನ್ನು ಹೆರೆದು, ಚೌಕಟ್ಟಿಗೆ ಎಳೆದು ಕಟ್ಟಿ ಒಣಗಿಸಿದರೆ ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಅದರಿಂದಲೇ ಪರದೆಯ ಮೇಲೆ ಕಪ್ಪು ನೆರಳಿನ ಬದಲು ಬಣ್ಣದ ನೆರಳು ಮೂಡುತ್ತದೆ. ತಲೆ, ಎದೆ, ಸೊಂಟ, ಎರಡು ಕಾಲು, ಎರಡು ತೋಳು, ಎರಡು ಮುಂಗೈ, ಎರಡು ಹಸ್ತ: ಹೀಗೆ ಸಾಮಾನ್ಯವಾಗಿ 11 ತುಂಡುಗಳನ್ನು ನೂಲಿನಿಂದ ಪೋಣಿಸುತ್ತಾರೆ. ಕೊರಳಿಗೊಂದು, ಕೈಗಳಿಗೆರಡು ಕಡ್ಡಿ. ಆಟ ಮುಗಿದ ಮೇಲೆ ತಲೆಗಳನ್ನು ಬಿಚ್ಚಿ ಬೇರೆಯಾಗಿ ಇಡುವ ಪದ್ಧತಿಯೂ ಇದೆ; ಇಲ್ಲದಿದ್ದರೆ ಇರುಳಲ್ಲಿ ಗೊಂಬೆಗಳು ಜೀವ ತಳೆದಾವು ಎಂಬ ನಂಬಿಕೆ.

ಹೆತ್ತವರು ವಿಶೇಷವಾಗಿ ಗಮನಿಸಬೇಕಾದುದು ಈ ಆಟದ ನುಡಿಯನ್ನು. ಶಾನ್ಶಿಯ ಹುವಾಶಿಯಾನ್ ಎಂಬಲ್ಲಿ ಐವರ ಮೇಳವೊಂದು ಇಡೀ ಪ್ರಸಂಗವನ್ನು ನಡೆಸುತ್ತದೆ. ನಮ್ಮ ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ಪಾತ್ರಧಾರಿಗಳು ಅರ್ಥ ಹೇಳುತ್ತಾರೆ. ಅಲ್ಲಿ ಗಂಡು, ಹೆಣ್ಣು, ಹಾಸ್ಯ ಎಲ್ಲ ಪಾತ್ರಗಳ ಹಾಡೂ ಮಾತೂ ಒಬ್ಬನದೇ, ಅದೂ ಆ ಊರಿನ ಆಡುನುಡಿಯಲ್ಲಿ. ಹೆಬೈಯ ತಾಂಗ್‌ಶಾನ್ ಕಡೆಯ ಗಾಯಕರು ಗಂಟಲನ್ನು ಬೆರಳಿಂದ ಒತ್ತಿ ಹಿಡಿದು ಬೇರೆಯೇ ಸ್ವರದಲ್ಲಿ ಹಾಡುತ್ತಾರೆ. ತೈವಾನಿನ ಗೊಂಬೆಗಳು ದಕ್ಷಿಣದ ಮಿನ್ ನುಡಿಯಲ್ಲಿ ಮಾತಾಡುತ್ತವೆ. ಹೊರಗಿನಿಂದ ಒಂದೇ ಎಂದು ಕಾಣುವ ಚೀನಾ ಒಳಗೆ ಹೀಗೆ ಹಲವು ನುಡಿಗಳಲ್ಲಿ ಬದುಕಿದೆ. 1966ರಿಂದ 1976ರ ವರೆಗಿನ ಸಾಂಸ್ಕೃತಿಕ ಕ್ರಾಂತಿಯಲ್ಲಿ ಹಳೆಯ ಪ್ರಸಂಗಗಳಿಗೆ ನಿಷೇಧ ಬಂತು, ಎಷ್ಟೋ ಗೊಂಬೆಗಳು ಬೆಂಕಿಗೆ ಬಿದ್ದವು. ಹಾಡು ಬಾಯಲ್ಲಿ ಉಳಿದಿದ್ದ ಹಿರಿಯರಿಂದ ಆಟ ಮತ್ತೆ ತಲೆಯೆತ್ತಿತು. 2011ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕನ್ನಡ ಮಾಧ್ಯಮಕ್ಕೆ ಸೇರಿಸಿದರೆ ಮಗುವಿನ ಲೋಕ ಕಿರಿದಾದೀತೇ ಎಂಬ ಆತಂಕ ನಮ್ಮಲ್ಲಿ ಅನೇಕರಿಗಿದೆ. ಒಂದು ಊರಿನ ಆಡುನುಡಿಯಲ್ಲಿ ಉಳಿದು ಬಂದ ಕಲೆಯನ್ನು ಇನ್ನೊಂದು ಊರಿನ ಮಗು ತನ್ನ ತಾಯ್ನುಡಿಯಲ್ಲಿ ಅರಿತರೆ ಅದರಲ್ಲಿ ಕುಂದು ಏನೂ ಇಲ್ಲ.

ಇನ್ನು ಆಡಿಸಲು ಯಾವ ಕಥೆ? 16ನೆಯ ಶತಮಾನದ ‘ಪಶ್ಚಿಮ ಯಾತ್ರೆ’ ಎಂಬ ಕಾದಂಬರಿಯ ಪ್ರಸಂಗಗಳು ಅಲ್ಲಿನ ನೆರಳಾಟದಲ್ಲಿ ಬಹು ಜನಪ್ರಿಯ. ಆ ಪಶ್ಚಿಮ ಯಾವುದೆಂದು ಮಕ್ಕಳನ್ನು ಕೇಳಿ ನೋಡಿ, ಅದು ಭಾರತ! ಬೌದ್ಧ ಗ್ರಂಥಗಳನ್ನು ಅರಸಿ ಹೊರಟ ಕಥಾನಾಯಕನೇ ಚರಿತ್ರೆಯ ಹ್ಯೂಯೆನ್ ತ್ಸಾಂಗ್. 7ನೆಯ ಶತಮಾನದಲ್ಲಿ ನಿಜವಾಗಿಯೂ ಇಲ್ಲಿಗೆ ಬಂದು, ಇಮ್ಮಡಿ ಪುಲಕೇಶಿಯ ರಾಜ್ಯದ ಜನರನ್ನು ಉಪಕಾರ ಮಾಡಿದವರಿಗೆ ಕೃತಜ್ಞರು, ಕೇಡು ಬಗೆದವರಿಗೆ ನಿಷ್ಠುರರು ಎಂದು ಬಣ್ಣಿಸಿದವನು ಆತ. ಕಾದಂಬರಿಯಲ್ಲಿ ಅವನಿಗೆ ಬೆಂಗಾವಲಾಗಿ ನಡೆಯುವವನು ಸುನ್ ವೂಕಾಂಗ್ ಎಂಬ ಕಪಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಪಿಯನ್ನು ಕಂಡೊಡನೆ ‘ಇದು ನಮ್ಮ ಹನುಮಂತನೇ’ ಎಂದು ಹೇಳಿಬಿಡುವುದು ಸುಲಭ. ಚೀನೀ ವಿದ್ವಾಂಸ ಹೂ ಶಿ ಹನುಮಂತನ ಪ್ರಭಾವವನ್ನು ಊಹಿಸಿದ್ದುಂಟು. ಲೇಖಕ ಲೂ ಶುನ್ ಅದನ್ನೊಪ್ಪದೆ ಚೀನಾದ ಪುರಾಣದಲ್ಲೇ ಮೂಲವನ್ನು ಕಂಡರು. ಮಕ್ಕಳಿಗೆ ಈ ವಾದಕ್ಕಿಂತ ಮುಖ್ಯ ಎರಡರ ವ್ಯತ್ಯಾಸ. ಸುನ್ ವೂಕಾಂಗ್ ಮೊದಲು ಸ್ವರ್ಗದ ಮೇಲೆಯೇ ದಂಗೆಯೆದ್ದವನು, 500 ವರ್ಷ ಬೆಟ್ಟದಡಿ ಸಿಲುಕಿ, ಬಳಿಕ ಶಿಷ್ಯನಾದವನು. ಎಲ್ಲವನ್ನೂ ನಮ್ಮದೆಂದು ಎಳೆದುಕೊಂಡರೆ ಇನ್ನೊಬ್ಬರನ್ನು ಅರಿಯಲು ಏನೂ ಉಳಿಯುವುದಿಲ್ಲ.

ಈ ಯಾತ್ರೆಯ ಒಂದು ಪ್ರಸಂಗ ಮನೆಯ ಆಟಕ್ಕೆ ಹೇಳಿ ಮಾಡಿಸಿದಂತಿದೆ. ಎಲುಬಿನ ಮಾಯಾವಿನಿಯೊಬ್ಬಳು ಮೊದಲು ಚೆಲುವೆಯಾಗಿ, ಆಮೇಲೆ ಮುದುಕಿಯಾಗಿ, ಕೊನೆಗೆ ಮುದುಕನಾಗಿ ಬರುತ್ತಾಳೆ. ಕಪಿ ಮೂರು ಸಲವೂ ಗುರುತು ಹಿಡಿದು ಹೊಡೆಯುತ್ತಾನೆ. ಗುರು ಮಾತ್ರ ಕಣ್ಣಿಗೆ ಕಂಡ ರೂಪವನ್ನೇ ನಂಬಿ, ನಿರಪರಾಧಿಗಳನ್ನು ಕೊಂದೆಯೆಂದು ಶಿಷ್ಯನನ್ನು ಓಡಿಸಿಬಿಡುತ್ತಾನೆ. ಮುಂದೆ ಆಪತ್ತು ಒದಗಿದಾಗ ಅದೇ ಕಪಿ ಮರಳಿ ಬಂದು ಗುರುವನ್ನು ಉಳಿಸುತ್ತಾನೆ.

ಗೊಂಬೆಯ ಮುಖದ ಬಣ್ಣವನ್ನೂ ಮಕ್ಕಳಿಗೆ ತಿಳಿಸಿ. ನಿಷ್ಠಾವಂತ ವೀರ ಗುವಾನ್ ಯೂವಿಗೆ ಕೆಂಪು, ನ್ಯಾಯನಿಷ್ಠ ಅಧಿಕಾರಿ ಬಾವ್ ಚೆಂಗನಿಗೆ ಕಪ್ಪು, ಕಪಟಿಯೆನಿಸಿದ ತ್ಸಾವ್ ತ್ಸಾವನಿಗೆ ಬಿಳಿ. ಕಪ್ಪು ಕೆಟ್ಟದ್ದು, ಬಿಳಿ ಒಳ್ಳೆಯದು ಎಂದು ಕಲಿತ ಮಗು ಇಲ್ಲಿ ಒಂದು ಗಳಿಗೆ ತಡೆದು ಯೋಚಿಸುತ್ತದೆ.

ಸಲಕರಣೆ ಮನೆಯಲ್ಲೇ ಉಂಟು. ತೆಳು ರಟ್ಟಿನಲ್ಲಿ 11 ತುಂಡುಗಳನ್ನು ಕತ್ತರಿಸಿ ನೂಲಿನಿಂದ ಗಂಟು ಹಾಕಿ. ಉಡುಪಿನ ಭಾಗದಲ್ಲಿ ಕಿಂಡಿ ಕೊರೆದು, ತೆಂಗಿನೆಣ್ಣೆ ಸವರಿದ ಬಣ್ಣದ ಕಾಗದವನ್ನು ಒಳಗಿನಿಂದ ಕಟ್ಟಿದರೆ ಬೆಳಕು ಹಾಯುತ್ತದೆ. ಹಿಡಿಸೂಡಿಯ ಮೂರು ಗಟ್ಟಿ ಕಡ್ಡಿಗಳು ಸಾಕು. ಚಾವಡಿಯಲ್ಲಿ ಬಿಳಿ ಪಂಚೆಯನ್ನು ಬಿಗಿಯಾಗಿ ಕಟ್ಟಿ ಹಿಂದೆ ಬಲ್ಬು ಇಡಿ. ಎಣ್ಣೆಯ ಕಾಗದದ ಬಳಿ ಹಣತೆ ಬೇಡ. ಗೊಂಬೆ ಬಟ್ಟೆಗೆ ತಾಗಿದರೆ ನೆರಳು ಸ್ಪಷ್ಟ, ಹಿಂದೆ ಸರಿದರೆ ದೊಡ್ಡದು ಮತ್ತು ಮಸುಕು. ಮಾಯಾವಿನಿಯ ರೂಪ ಬದಲಿಸಲು ಇದೇ ಉಪಾಯ. ಮಾತುಗಳನ್ನು ಮಕ್ಕಳೇ ಕಟ್ಟಲಿ, ಮನೆಯ ಕನ್ನಡದಲ್ಲೇ ಆಡಲಿ.

ಆಟ ಮುಗಿದ ಮೇಲೆ ಉಪದೇಶ ಬೇಡ, ಎರಡು ಪ್ರಶ್ನೆ ಸಾಕು. ಗುರು ಮೋಸ ಹೋದದ್ದೇಕೆ? ಮುಖ ನೋಡಿ ಒಬ್ಬರನ್ನು ಅಳೆದದ್ದು ನಮ್ಮ ತರಗತಿಯಲ್ಲೂ ನಡೆದಿದೆಯೇ? ಉತ್ತರ ಆ ದಿನವೇ ಬರಬೇಕೆಂದಿಲ್ಲ. ಗೊಂಬೆಗಳನ್ನು ಎಸೆಯದೆ ತೆಗೆದಿಡಿ. ಇನ್ನೊಂದು ಸಂಜೆ ಮಕ್ಕಳೇ ಅವನ್ನು ಮತ್ತೆ ಕೇಳಿಯಾರು.