ನೀರಿನ ಮೇಲಣ ದಾರಿಯ ಧರ್ಮ

ಹೆಬ್ಬಾಳದ ಕೂಡುರಸ್ತೆಯಲ್ಲಿ ದಾರಿಯೆಲ್ಲ ತಮ್ಮದೆಂದು ನುಗ್ಗುವ ವಾಹನಗಳನ್ನು ನಮ್ಮ ವಾಚಕರು ದಿನವೂ ಕಾಣುತ್ತಾರೆ. ಅದೇ ಮನೋಭಾವವು ನೀರಿಗಿಳಿದರೆ ಗತಿಯೇನು? ಹೆಬ್ಬಾಳ, ನಾಗವಾರದ ಕೆರೆಗಳು ದೋಣಿವಿಹಾರವನ್ನು ಕಂಡಿವೆ, ಮುಂದೆಯೂ ಕಾಣಬಹುದು. ಆದುದರಿಂದ ಈ ವಿಷಯವನ್ನು ಮಹಾಜನರ ಮತ್ತು ಅಧಿಕಾರಿಗಳ ಅವಗಾಹನೆಗೆ ತರಬಯಸುತ್ತೇವೆ.

ನೆಲದ ಮೇಲೆ ಎಡಕ್ಕೆ ನಡೆಯುವುದು ನಮ್ಮ ದೇಶದ ರೂಢಿ. ನೀರಿನ ಕ್ರಮ ಬೇರೆ. ಸಮುದ್ರದಲ್ಲಿ ಡಿಕ್ಕಿಯನ್ನು ತಡೆಯಲು 1972ರಲ್ಲಿ ಆದ ಅಂತರರಾಷ್ಟ್ರೀಯ ನಿಬಂಧನೆಗಳ ಮೇರೆಗೆ, ಎರಡು ಯಂತ್ರನೌಕೆಗಳು ಎದುರುಬದುರಾದರೆ ಎರಡೂ ತಮ್ಮ ತಮ್ಮ ಬಲಕ್ಕೆ ತಿರುಗತಕ್ಕದ್ದು. ಅಡ್ಡ ಹಾಯುವಾಗ, ಯಾವುದರ ಬಲಮಗ್ಗುಲಲ್ಲಿ ಇನ್ನೊಂದು ಇರುವುದೋ ಅದು ದಾರಿ ಬಿಡತಕ್ಕದ್ದು. ಹಿಂದಿನಿಂದ ಬಂದು ದಾಟುವವನು ಮುಂದಿನವನಿಂದ ದೂರ ಸರಿದು ಹೋಗತಕ್ಕದ್ದು. ಯಂತ್ರನೌಕೆಯು ಹಾಯಿದೋಣಿಗೂ ಬಲೆ ಹಾಕಿದ ಮೀನುದೋಣಿಗೂ ದಾರಿ ಕೊಡತಕ್ಕದ್ದು. ಇಷ್ಟೇ ಅಲ್ಲ, ದಾರಿ ಬಿಡಬೇಕಾದವನು ಬಿಡದೆ ಹೋದರೆ, ಇನ್ನೊಬ್ಬನು ತನ್ನ ಹಕ್ಕನ್ನೇ ಹಿಡಿದು ಕೂರುವಂತಿಲ್ಲ, ಡಿಕ್ಕಿಯನ್ನು ತಪ್ಪಿಸುವ ಭಾರ ಅವನ ಮೇಲೂ ಇದೆ. ಅಂದರೆ ಈ ನಿಬಂಧನೆಗಳಲ್ಲಿ ಹಕ್ಕಿಗಿಂತ ಹೊಣೆಯೇ ದೊಡ್ಡದು.

2024ರ ಡಿಸೆಂಬರ್ 18ರಂದು ಮುಂಬಯಿ ಬಂದರಿನಲ್ಲಿ, ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದೋಣಿಯೊಂದು ಹತೋಟಿ ತಪ್ಪಿ, ಎಲಿಫೆಂಟಾಕ್ಕೆ ಹೊರಟಿದ್ದ 'ನೀಲ್ ಕಮಲ್' ಎಂಬ ಪ್ರಯಾಣಿಕರ ದೋಣಿಗೆ ಬಡಿಯಿತು. 15 ಮಂದಿ ಪ್ರಾಣ ಕಳೆದುಕೊಂಡರು. ವೇಗ ಹೆಚ್ಚಿ ಅಂತರ ಕಡಿಮೆಯಾದಲ್ಲಿ ನಿಯಮಕ್ಕೆ ಕೆಲಸ ಮಾಡಲು ವೇಳೆಯೇ ಉಳಿಯದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಕೆರೆ ಕಿರಿದು, ಅಲ್ಲಿಗೇಕೆ ಸಮುದ್ರದ ಕಟ್ಟಳೆ ಎಂದು ಕೆಲವರು ಕೇಳಬಹುದು. ಕಿರಿದಾದುದರಿಂದಲೇ ಬೇಕು. ಹಡಗನ್ನು ನಡೆಸುವವನು ತರಬೇತು ಪಡೆದವನು. ಕೆರೆಯಲ್ಲಿ ಪೆಡಲು ತುಳಿಯುವವನು ಅಂದೇ ಮೊದಲು ದೋಣಿ ಹತ್ತಿದವನಿರಬಹುದು, ಪಕ್ಕದಲ್ಲಿ ಮಗುವೂ ಇರಬಹುದು. ಸಮುದ್ರದ ನಿಬಂಧನೆಗಳು ನಮ್ಮ ಕೆರೆಗಳಿಗೆ ಅನ್ವಯಿಸುವುದಿಲ್ಲ, ನಿಜ. ಆದರೆ 1917ರ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ನೌಕೆಗಳ ಕಾಯಿದೆಯು ಒಳನಾಡಿನ ನೀರೆಂಬುದರಲ್ಲಿ ಸರೋವರಗಳನ್ನೂ ಸೇರಿಸಿದೆ. ಕಾನೂನಿನ ಆಧಾರವಿಲ್ಲವೆಂದು ಸರ್ಕಾರದವರು ಹೇಳುವಂತಿಲ್ಲ.

ನಾವು ಕೇಳುವುದು ಅಲ್ಪ. ಎದುರಾದರೆ ಬಲಕ್ಕೆ ತಿರುಗಬೇಕು. ಮೋಟಾರಿನವನು ಹುಟ್ಟಿನವನಿಗೂ ಪೆಡಲಿನವನಿಗೂ ದಾರಿ ಬಿಡಬೇಕು. ಮತ್ತೊಂದು ದೋಣಿ ಹತ್ತಿರವಾದರೆ ವೇಗ ತಗ್ಗಿಸಬೇಕು. ಈ ಮೂರನ್ನು ದೋಣಿ ಹತ್ತುವ ಕಟ್ಟೆಯಲ್ಲಿ ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆಯಿಸಲಿ; ಬಾಯಲ್ಲಿಯೂ ಹೇಳಿಸಲಿ. ಇದಕ್ಕೊಪ್ಪದ ಗುತ್ತಿಗೆದಾರನಿಗೆ ಕೆರೆಯನ್ನು ಕೊಡದಿರಲಿ. ಒಂದು ಹಲಗೆಯ ವೆಚ್ಚವು ಒಂದು ಜೀವದ ಬೆಲೆಗೆ ಸಮನಾಗದು.